ತುಟಿಗೆ ತಪ್ಪಿದ ಮಾತು

ಕತ್ತರಿ ನಿರ್ದಯಿ. ಇದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಅವನ ಹೆಂಡತಿಯೇ ಮುಚ್ಚಿಡುತ್ತಿರಲಿಲ್ಲ. ಹಳೆಯ ಟೇಪು, ಡಿಸ್ಕು, ಫೋನುಗಳಲ್ಲಿರುವ ವಿಡಿಯೊಗಳನ್ನು ಜನರ ಮನೆಯ ಟಿವಿಯಲ್ಲಿ ಓಡುವಂತೆ ಬದಲಿಸಿಕೊಡುವುದು ಅವನ ಕಸುಬು. ಬೀದಿಯವರು ಕತ್ತರಿ ಎಂಬ ಅಡ್ಡಹೆಸರು ಇಟ್ಟದ್ದು ಕಸುಬಿಗಾಗಿ ಅಲ್ಲ, ನಾಲಿಗೆಗಾಗಿ. ಬೂಷ್ಟು ಹಿಡಿದ ಮದುವೆ ಟೇಪನ್ನು ಕಂಡರೆ ಬೇರೆ ಅಂಗಡಿಯವರು "ನೋಡೋಣ, ಬಿಟ್ಟುಹೋಗಿ" ಎನ್ನುತ್ತಾರೆ. ಇವನು ಅದನ್ನು ಮೇಜಿನ ಮೇಲೆ ಹಿಂದಕ್ಕೆ ನೂಕಿ "ಸತ್ತಿದೆ, ತಗೊಂಡ್ಹೋಗಿ" ಎನ್ನುತ್ತಿದ್ದ. ಹಾಸಿಗೆ ಹಿಡಿದ ಅಪ್ಪ ಒಮ್ಮೆ "ನಾನು ಉಳೀತೀನೇನೋ?" ಎಂದು ಕೇಳಿದಾಗ ಸುತ್ತ ನಿಂತವರೆಲ್ಲ ಗೋಡೆ ನೋಡಿದರು. ಇವನು "ಇಲ್ಲಪ್ಪ" ಎಂದುಬಿಟ್ಟ. ಅಂದಿನಿಂದ ಅಕ್ಕ ಅವನ ಮನೆಯ ಮೆಟ್ಟಿಲು ಹತ್ತಿಲ್ಲ. ಅದರಿಂದ ಅವನಿಗೆ ಒಂದು ಹೊತ್ತಿನ ಊಟವೂ ಸೇರದೆ ಹೋಗಲಿಲ್ಲ.

ಅಂಗಡಿಯ ಮುಂದಿನ ಕೋಣೆ ಹೆಂಡತಿಯದು. ಅಲ್ಲಿ ಒಂದು ಕಟ್ಟೆ, ಗಿರಾಕಿಗಳು ಕೆಲಸ ಪರೀಕ್ಷಿಸಿಕೊಳ್ಳಲು ಗೋಡೆಗೆ ಹಾಕಿದ ಟಿವಿ, ಎರಡು ಪ್ಲಾಸ್ಟಿಕ್ ಕುರ್ಚಿ. ನಡುವೆ ಇಳಿಬಿಟ್ಟ ಬಟ್ಟೆಯ ಪರದೆಯ ಆಚೆಗೆ ಅವನದು. ಗಂಡ ಕೆಡಿಸಿದ ಮನಸ್ಸುಗಳನ್ನು ಈಚೆಗೆ ಸಮಾಧಾನಪಡಿಸಿ ಕಳಿಸುವುದು ಇಷ್ಟು ವರ್ಷಗಳಲ್ಲಿ ಅವಳಿಗೆ ರೂಢಿಯಾಗಿತ್ತು.

ಆ ಹೆಂಗಸು ಬಂದದ್ದು ಒಂದು ಮಧ್ಯಾಹ್ನ. ಎರಡೂ ಕಿವಿಗೆ ಯಂತ್ರ. ಬಟ್ಟೆ ಗಿರಣಿಯಲ್ಲಿ ಮಗ್ಗಗಳ ನಡುವೆ ನಿಂತು ದುಡಿದು ಕಿವಿ ಕಳೆದುಕೊಂಡವಳು. ಮಾತನಾಡುವವರ ಮುಖವನ್ನು ಎವೆಯಿಕ್ಕದೆ ನೋಡುತ್ತಿದ್ದಳು.

"ನನ್ನ ಮಗಳು ತೀರಿಕೊಂಡಳಮ್ಮ," ಎಂದಳು, ಹೊಲಿಗೆಗೆ ಬಟ್ಟೆ ಕೊಡುವವಳ ದನಿಯಲ್ಲಿ. "ಆಸ್ಪತ್ರೆಯಲ್ಲಿ ಫೋನಿನಲ್ಲಿ ನನಗೇ ಅಂತ ಮಾತಾಡಿ ಇಟ್ಟಿದ್ದಾಳೆ. ಫೋನು ಚಿಕ್ಕದು, ಅದರ ದನಿ ನನ್ನ ಕಿವಿಗೆ ಮುಟ್ಟಲ್ಲ. ಟಿವಿಗೆ ಹಾಕಿಸಿದೆ. ಹಾಕಿಕೊಟ್ಟವನು ಹಾಳು ಮಾಡಿದ."

ಹೆಂಡತಿ ಪೆನ್‌ಡ್ರೈವನ್ನು ಟಿವಿಗೆ ಸಿಕ್ಕಿಸಿದಳು. ದಿಂಬಿಗೆ ಒರಗಿದ ಮಗಳು, ಒಡೆದ ತುಟಿಗಳು. ಮೊದಲ ಕೆಲವು ಮಾತು ಸರಿಯಾಗಿಯೇ ಬಂದವು. ಆಮೇಲೆ ದನಿ ತುಟಿಯಿಂದ ಒಂದು ಹೆಜ್ಜೆ ಹಿಂದೆ ಬಿತ್ತು. ಇನ್ನೂ ಆಮೇಲೆ ಬಾಯಿ ಮುಚ್ಚಿ ಸುಮ್ಮನಿದ್ದ ಹುಡುಗಿಯಿಂದ ಮಾತು ಬರುತ್ತಿತ್ತು.

"ತುಟಿ ನೋಡಿದರೆ ಅರ್ಧ ತಿಳಿಯುತ್ತೆ. ಯಂತ್ರದಲ್ಲಿ ಇನ್ನರ್ಧ. ಎರಡೂ ಒಟ್ಟಿಗೆ ಬಂದರೆ ನನಗೆ ಮಾತು," ಎಂದಳು ತಾಯಿ. "ಹೀಗೆ ಬಂದರೆ ಎರಡೂ ಕೆಡುತ್ತೆ."

"ಯಾರಾದರೂ ಕೇಳಿ ಹೇಳಬಹುದಿತ್ತಲ್ಲಮ್ಮ?"

"ಹೇಳಿದರು. ಅಳಿಯ, 'ಚೆನ್ನಾಗಿರು ಅಂದಿದ್ದಾಳೆ' ಅಂದ. ಪಕ್ಕದ ಮನೆಯವಳು, 'ನಿಮ್ಮನ್ನೇ ನೆನೆಸ್ಕೊಂಡಿದ್ದಾಳೆ' ಅಂದಳು. ಇಬ್ಬರೂ ನನ್ನ ಮುಖ ನೋಡಿ ಹೇಳಲಿಲ್ಲ. ಗಿರಣಿಯಲ್ಲಿ ಮುಖ ನೋಡಿಯೇ ಬದುಕಿದವಳು ನಾನು. ಏನೋ ಬಚ್ಚಿಡ್ತಿದ್ದಾರೆ." ಪರದೆಯ ಕಡೆ ಕೈ ತೋರಿಸಿದಳು. "ನಿನ್ನ ಗಂಡ ಹಲ್ಲು ಕಿರಿದು ಸುಳ್ಳು ಹೇಳೋನಲ್ಲವಂತೆ. ಅದಕ್ಕೇ ಎರಡು ಬಸ್ಸು ಹಿಡಿದು ಬಂದೆ."

"ಹಲ್ಲೇ ಕಿರಿಯಲ್ಲ ಬಿಡಮ್ಮ," ಎಂದಳು ಹೆಂಡತಿ. ತಾಯಿ ಅದನ್ನು ತುಟಿಯಲ್ಲಿ ಓದಿಕೊಂಡು ಅರೆಗಳಿಗೆ ನಕ್ಕಳು.

ಪರದೆ ಸರಿಸಿ ಬಂದ ಕತ್ತರಿ ಟಿವಿಯತ್ತ ಒಂದು ನೋಟ ಹಾಕಿದ.

"ಯಾವ ಜಾಣ ಮಾಡಿದ್ದು ಇದನ್ನ?"

"ನಮ್ಮ ಬೀದಿಯ ಫೋನ್ ಅಂಗಡಿಯವನು. ದನಿಯನ್ನ ಮುಂದಕ್ಕೆ ತಳ್ಳಿ ಸರಿ ಮಾಡ್ತೀನಿ ಅಂತ ಇನ್ನೊಂದು ಸಲ ಮಾಡಿದ. ಆಗ ಮೊದಲು ಸರಿ ಇದ್ದದ್ದೂ ಕೆಟ್ಟಿತು."

"ಕೆಡದೆ ಇನ್ನೇನು. ಗೋಡೆಯೇ ಓರೆಯಾಗಿರೋ ಮನೆಗೆ ಬಾಗಿಲು ಜರುಗಿಸಿದ ಹಾಗೆ. ಇದು ತಳ್ಳಿದರೆ ಸರಿಹೋಗೋ ತಪ್ಪಲ್ಲ. ಅಸಲು ಎಲ್ಲಿ?"

ಅಸಲು ಫೋನಿನಲ್ಲಿ ಹಾಗೆಯೇ ಇತ್ತು. ತಾಯಿ ಅದನ್ನು ಕರವಸ್ತ್ರದಲ್ಲಿ ಸುತ್ತಿ ತಂದಿದ್ದಳು. ಅವನು ಕೈಚಾಚಿ ತೆಗೆದುಕೊಂಡ. ಮಗಳು ಹೋದದ್ದಕ್ಕೆ ಒಂದು ಮಾತಿಲ್ಲ, ಕೂತುಕೊಳ್ಳಿ ಎನ್ನುವ ಮಾತೂ ಇಲ್ಲ. ಹೆಂಡತಿಯೇ ಕುರ್ಚಿ ಸರಿಸಿಕೊಟ್ಟು ಒಳಗೆ ಹೋದಳು.

ಫೋನಿನ ವಿಡಿಯೊಗಳ ರೋಗ ಅವನಿಗೆ ಗೊತ್ತಿದ್ದದ್ದೇ. ಬೆಳಕು ಕಮ್ಮಿಯಾದಾಗ ಫೋನು ಸೆಕೆಂಡಿಗೆ ತೆಗೆಯುವ ಚಿತ್ರಗಳನ್ನೂ ಕಮ್ಮಿ ಮಾಡುತ್ತದೆ. ಆಸ್ಪತ್ರೆಯ ಆ ಕೋಣೆಯಲ್ಲಿ ಕಿಟಕಿಯ ಬೆಳಕು ಬರಬರುತ್ತ ಸೋತಿತ್ತು. ಫೋನ್ ಅಂಗಡಿಯವನು ಅದನ್ನು ಗಮನಿಸದೆ, ಇದ್ದ ಚಿತ್ರಗಳನ್ನೆಲ್ಲ ಒಂದೇ ಅಂತರದಲ್ಲಿ ಜೋಡಿಸಿಬಿಟ್ಟಿದ್ದ. ಹಾಗಾಗಿ ಚಿತ್ರ ಬೇಗ ಬೇಗ ಮುಗಿಯುತ್ತ ಹೋಯಿತು. ದನಿ ತನ್ನ ನಡಿಗೆಯಲ್ಲೇ ನಡೆದು ಹಿಂದುಳಿಯಿತು.

ಕತ್ತರಿ ಅಸಲನ್ನು ಹೊಸದಾಗಿ ಬದಲಿಸಲು ಕೂತ. ಚಿತ್ರ ಕಮ್ಮಿ ಬಿದ್ದ ಕಡೆಯಲ್ಲೆಲ್ಲ ಹಿಂದಿನ ಚಿತ್ರವನ್ನೇ ಮತ್ತೊಮ್ಮೆ ನಿಲ್ಲಿಸಿ ಹೊತ್ತನ್ನು ತುಂಬಿಸಿದ. ಆಮೇಲೆ ತುಟಿಗಳನ್ನು ಹಿಡಿದು ತಾಳೆ ನೋಡಿದ. ಹುಡುಗಿ "ಅಮ್ಮ" ಎಂದಾಗಲೆಲ್ಲ ತುಟಿ ಮುಚ್ಚಲೇಬೇಕು. ಮುಚ್ಚಿದ ಚಿತ್ರವೂ ಆ ದನಿಯೂ ಒಂದೇ ಗೆರೆಯ ಮೇಲೆ ಕೂತರೆ ಕೆಲಸ ಸರಿ. ಅವಳು ಅಮ್ಮ ಎನ್ನುವುದೂ ಪದೇ ಪದೇ. ಅವನು ಪ್ರತಿ ಅಮ್ಮನಲ್ಲೂ ನಿಲ್ಲಿಸಿ, ಹಿಂದೆ ಸರಿಸಿ, ಮತ್ತೆ ಕೇಳಿದ.

ಹೀಗೆ ಕೇಳುವಾಗ ಹೆಂಡತಿಯೂ ಕೇಳಬೇಕಾಯಿತು.

ಹುಡುಗಿ ಮೊದಮೊದಲು ಮನೆಯ ವಿಷಯ ಹೇಳುತ್ತಿದ್ದಳು. ಉಣ್ಣೆಯ ಸ್ವೆಟರು ಅತ್ತಿಗೆಗೆ ಕೊಡು. ನನ್ನ ಹೊಲಿಗೆ ಯಂತ್ರ ಮಾರಬೇಡ. ಮಂಡಿಗೆ ಎಣ್ಣೆ ಹಚ್ಚಿಕೋ, ನಾಚಿಕೆ ಪಟ್ಟುಕೋಬೇಡ. ಕಿಟಕಿಯ ಕಡೆ ನೋಡಿ ತಿರುಗಿದಾಗ ಅವಳ ಮುಖ ಬೇರೆಯಾಗಿತ್ತು.

"ಅಮ್ಮ, ಹೊಟ್ಟೆನೋವು ಅಂದಾಗಲೆಲ್ಲ ನೀನು ಕಳ್ಳಾಟ ಅಂದೆ. ಗಿರಣಿಗೆ ಹೋಗೋಕೆ ಸೋಮಾರಿತನ ಅಂದೆ. ನಾನೂ ನಂಬಿದೆ. ಒಂದು ವರ್ಷ ಮೊದಲೇ ಬಂದಿದ್ದರೆ ಅಂದರು ಡಾಕ್ಟರು. ಮರೆಯೋಣ ಅಂತ ನೋಡಿದೆ, ಅಮ್ಮ. ಆಗ್ತಿಲ್ಲ. ನಿನ್ನ ಮೇಲೆ ಸಿಟ್ಟು ಇಟ್ಟುಕೊಂಡೇ ಹೋಗ್ತೀನಿ."

ಆಮೇಲೆ ಉಸಿರು ಎಳೆದುಕೊಂಡು, ಏನೂ ಆಗದವಳಂತೆ, ಬಾಗಿಲ ಚಿಲಕ ಸಡಿಲವಾಗಿದೆ, ಬಡಗಿಯನ್ನು ಕರೆಸು ಎಂದಳು. ಅಲ್ಲಿಗೆ ಮುಗಿಯಿತು.

ಪರದೆಯ ಆಚೆ ತಾಯಿ ಮಡಿಲಲ್ಲಿ ಖಾಲಿ ಕರವಸ್ತ್ರ ಇಟ್ಟುಕೊಂಡು ಕೂತಿದ್ದಳು.

"ರೀ," ಎಂದಳು ಹೆಂಡತಿ ಮೆಲ್ಲಗೆ. "ಅದೊಂದನ್ನ ತೆಗೆದುಬಿಡಿ."

"ತೆಗೆಯೋಕೆ ಅದು ನಿನ್ನದಾ, ನನ್ನದಾ?"

"ಆ ಮುದುಕಿ ಸಾಯ್ತಾಳೆ ಅದನ್ನ ಕೇಳಿ."

"ಕೇಳೋಕೇ ಬಂದಿರೋದು. ಇನ್ನೊಬ್ಬರ ಮಗಳ ಮಾತನ್ನ ನಾನು ಕತ್ತರಿಸೋಕೆ ಯಾರು? ಅಳಿಯ ಬಚ್ಚಿಟ್ಟ, ಪಕ್ಕದವಳು ಬಚ್ಚಿಟ್ಟಳು. ಇನ್ನು ಅಂಗಡಿಯವರೂ ಸೇರಿಕೊಳ್ಳಬೇಕಾ?"

ಅವನ ಮಾತು ನ್ಯಾಯವಾದದ್ದೇ. ಅಪ್ಪನ ಹಾಸಿಗೆಯ ಬಳಿ ನಿಂತಾಗಲೂ ಅವನ ಮಾತು ನ್ಯಾಯವಾದದ್ದೇ ಆಗಿತ್ತು. ಇಂಥ ನ್ಯಾಯದ ಜೊತೆ ಸಂಸಾರ ಮಾಡಿ ಅವಳಿಗೆ ಸಾಕಾಗಿತ್ತು. ಅವಳು ಹೊರಗೆ ಹೋಗಿ ತಾಯಿಯ ಪಕ್ಕದ ಕುರ್ಚಿಯಲ್ಲಿ ಕೂತಳು. ಕೈ ಹಿಡಿದುಕೊಳ್ಳೋಣ ಎನಿಸಿತು. ಆದರೆ ಆ ಕೈ ಹಿಡಿಸಿಕೊಳ್ಳುವಂಥದ್ದಾಗಿರಲಿಲ್ಲ.

ಅವನು ಬರಲು ತಡಮಾಡಿದ. ಮುಗಿದ ಕೆಲಸಕ್ಕೆ ಇಷ್ಟು ಹೊತ್ತೇಕೆ ಎಂದು ಅವಳು ಪರದೆಯ ಕಡೆ ನೋಡುತ್ತಿದ್ದಾಗಲೇ ಬಂದು ಪೆನ್‌ಡ್ರೈವನ್ನು ಟಿವಿಗೆ ಹಾಕಿ ದನಿ ಏರಿಸಿದ.

ತಾಯಿ ಎದ್ದು ಟಿವಿಯ ಹತ್ತಿರ ನಿಂತಳು. ಸ್ವೆಟರಿಗೆ ತಲೆಯಾಡಿಸಿದಳು. ಹೊಲಿಗೆ ಯಂತ್ರಕ್ಕೆ "ಮಾರಲ್ಲ" ಎಂದಳು, ಗಟ್ಟಿಯಾಗಿ. ಮಂಡಿಯ ಮಾತು ಬಂದಾಗ ಕೈ ತಾನಾಗಿ ಮಂಡಿಗೆ ಹೋಯಿತು. ಒಂದು ಮಾತೂ ತಪ್ಪಲಿಲ್ಲ.

ಮಗಳು ಕಿಟಕಿಯ ಕಡೆ ನೋಡಿ ತಿರುಗಿದಳು. ಹೆಂಡತಿ ಕಣ್ಣು ಮುಚ್ಚಿಕೊಂಡಳು. ಮಾತು ಕಿವಿಗೆ ಬಿತ್ತು; ಕಳ್ಳಾಟ, ಸೋಮಾರಿತನ, ಡಾಕ್ಟರು, ಎಲ್ಲವೂ. ಕಣ್ಣು ತೆರೆದಾಗ ಹುಡುಗಿಯ ಬಾಯಿ ಬೇರೆ ಏನನ್ನೋ ಆಡುತ್ತಿತ್ತು. ಒಳಗೆ ತುಟಿಗೆ ಸರಿಯಾಗಿ ಕೂತಿದ್ದ ದನಿ ಈಗ ಎಷ್ಟೋ ಹಿಂದೆ, ತೊಳಲುತ್ತ ಬರುತ್ತಿತ್ತು. ಚಿಲಕದ ಮಾತಿಗೆ ಎರಡೂ ಮತ್ತೆ ಕೂಡಿಕೊಂಡವು.

"ನಡುವೆ ತಪ್ಪಿತು," ಎಂದಳು ತಾಯಿ. "ಅಲ್ಲಿ ಏನೂ ತಿಳಿಯಲಿಲ್ಲ. ಇನ್ನೊಂದು ಸಲ ಹಾಕಪ್ಪ."

ಹಾಕಿದ. ಮತ್ತೆ ಅಲ್ಲೇ ತಪ್ಪಿತು. ತಾಯಿ ಅವನ ಕಡೆ ತಿರುಗಿ ಅವನ ಬಾಯನ್ನೇ ನೋಡುತ್ತ ನಿಂತಳು.

ಕತ್ತರಿ ಟಿವಿಯ ದನಿ ಇಳಿಸಿದ. ಬಾಗಿಲ ಬೆಳಕು ತನ್ನ ಮುಖದ ಮೇಲೆ ಬೀಳುವಂತೆ ಎರಡು ಹೆಜ್ಜೆ ಸರಿದು ನಿಂತು, ಒಂದೊಂದೇ ಅಕ್ಷರವನ್ನು ಬಿಡಿಸಿ ಹೇಳಿದ:

"ಅಷ್ಟು ಜಾಗ ನನ್ನ ಕೈಲಿ ಆಗಲಿಲ್ಲಮ್ಮ. ನನಗೆ ಬರಲ್ಲ ಅದು."