ಮಾಚೇನಹಳ್ಳಿ ದಾಟುವಾಗ ಕೇಳಿದ ಪ್ರಶ್ನೆ

ಶಿವಮೊಗ್ಗದಲ್ಲಿ ಕೆಲಸ ಮುಗಿಸಿ ಭದ್ರಾವತಿಯ ಮನೆಗೆ ಮರಳುವ ಬಸ್ಸಿನಲ್ಲಿದ್ದೆ. ಅರ್ಧ ದಿನ ರಜೆ ಹಾಕಿದ್ದೆನೋ, ಶನಿವಾರವೇ ಆಗಿತ್ತೋ, ಈಗ ಖಚಿತವಿಲ್ಲ. ಕೈಯಲ್ಲಿದ್ದ ಫೋನು ಅದುರಿದ್ದು, ಅದರಲ್ಲಿ ಕೆಂಪು ಚುಕ್ಕಿ ಮೂಡಿದ್ದು ಖಚಿತ.

ಆ ಚುಕ್ಕಿ ತೋರಿಸುವ ಆ್ಯಪನ್ನು ನನ್ನ ಮತ್ತು ಮಗಳ ಫೋನಿಗೆ ಹಾಕಿಸಿದವರು ಅವಳನ್ನು ನೋಡುತ್ತಿದ್ದ ಶಿವಮೊಗ್ಗದ ಮನೋವೈದ್ಯರು. ಅವಳಿಗೆ ಹದಿನಾರು. ಮನಸ್ಸು ಹೇಗಿದೆ ಎಂದು ತಿಳಿಸಲು ದಿನಕ್ಕೊಮ್ಮೆ ಹಸಿರು, ಹಳದಿ, ಕೆಂಪುಗಳಲ್ಲಿ ಒಂದನ್ನು ಒತ್ತುತ್ತಾಳೆ; ಅದು ನನಗೆ ಕಾಣುತ್ತದೆ. ಎರಡು ತಿಂಗಳಲ್ಲಿ ಕೆಂಪು ಬಂದದ್ದು ಇದೇ ಮೊದಲು. ಕೆಳಗೆ ತಾಯಿತಂದೆಯರಿಗೆಂದು ಮೂರು ಸಾಲು: ಈಗಲೇ ಕರೆ ಮಾಡಿ. ಸಾಯುವ ಯೋಚನೆ ಇದೆಯೇ ಎಂದು ನೇರವಾಗಿ ಕೇಳಿ. ಒಂಟಿಯಾಗಿ ಬಿಡಬೇಡಿ.

ಮನೆಯಲ್ಲಿ ಅವಳೊಬ್ಬಳೇ ಇದ್ದಳು. ಅವಳ ಅಪ್ಪ ಕಾರ್ಖಾನೆಯ ಪಾಳಿಯಲ್ಲಿ. ಒಳಗೆ ಫೋನು ಬಿಡುವುದಿಲ್ಲ.

ನಮ್ಮಲ್ಲಿ ಸಾವಿನ ಮಾತು ಯಾರ ಬಾಯಲ್ಲಿ ಬಂದರೂ ‘ಬಿಡ್ತು ಅನ್ನು’ ಎನ್ನುವುದು ರೂಢಿ. ಮಳೆಗಾಲಕ್ಕೆ ಮುಂಚೆ ಒಂದು ದಿನ, ತಾನು ಇರಲೇಬಾರದು ಅನ್ನಿಸುತ್ತದೆ ಎಂದು ಅವಳು ಹೇಳಿದಾಗ ನಾನೂ ಅದನ್ನೇ ಅಂದಿದ್ದೆ. ಮೆತ್ತಗೆ ಅಂದೆ ಎಂದು ನನ್ನ ಡೈರಿಯಲ್ಲಿದೆ. ಗದರಿದೆ ಎನ್ನುತ್ತಾಳೆ ಅವಳು. ಡೈರಿ ಬರೆದವಳು ನಾನೇ ಆದ್ದರಿಂದ ಅವಳ ಮಾತನ್ನು ನಂಬುತ್ತೇನೆ. ‘ಬಿಡ್ತು’ ಎಂದು ಒಳಗೆ ಹೋದವಳು ಆಮೇಲೆ ವಾರಗಟ್ಟಲೆ ನನಗೇನೂ ಹೇಳಲಿಲ್ಲ.

ಕೇಳಿದ ಮಾತ್ರಕ್ಕೆ ಆ ಯೋಚನೆ ಹುಟ್ಟುವುದಿಲ್ಲ ಎಂದು ವೈದ್ಯರು ಎರಡು ಸಲ ಹೇಳಿದ್ದರು. ಆದರೂ ಅವಳು ಫೋನು ಎತ್ತಿದಾಗ ನಾನು ಕೇಳಿದ್ದು, ಊಟ ಆಯ್ತಾ ಎಂದು. ಆಯ್ತು ಎಂದಳು. ಬಸ್ಸು ಮಾಚೇನಹಳ್ಳಿ ದಾಟುತ್ತಿತ್ತು.

“ಸಾಯ್ಬೇಕು ಅನ್ನಿಸ್ತಿದ್ಯಾ ನಿಂಗೆ?”

ಪಕ್ಕದಲ್ಲಿದ್ದ ಹೆಂಗಸು ತಟ್ಟನೆ ತಿರುಗಿ ನೋಡಿದರು. ಮುಂದಿನ ಸೀಟಿನವರೂ.

“ಹೂಂ,” ಎಂದಳು ಮಗಳು. “ಅದಕ್ಕೇ ಒತ್ತಿದ್ದು.”

ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. “ಪಕ್ಕದ್ಮನೆ ಆಂಟಿ ಹತ್ರ ಹೋಗಿ ಕೂತ್ಕೋ. ಬರ್ತಾ ಇದೀನಿ. ಫೋನ್ ಇಡ್ಬೇಡ.”

“ಏನ್ ಮಾತಾಡ್ಲಿ?”

“ಏನೂ ಬೇಡ ಮಾರಾಯ್ತಿ. ಇಡ್ಬೇಡ, ಅಷ್ಟೆ.”

ಚಿಲಕ ತೆಗೆದ ಸದ್ದು, ಚಪ್ಪಲಿಯ ಸದ್ದು, ಆಮೇಲೆ ಆಂಟಿಯ ದನಿ. ಅದಾದ ಮೇಲೆ ಉಸಿರು ಮಾತ್ರ. ಭದ್ರಾವತಿ ಬರುವವರೆಗೂ ಅದನ್ನೇ ಕೇಳುತ್ತಾ ಕೂತಿದ್ದೆ. ನಾನು ಅಳಲಿಲ್ಲ ಎಂದುಕೊಂಡಿದ್ದೇನೆ.

ಅವಳನ್ನು ಕರೆದುಕೊಂಡು ಮುಂದಿನ ಬಸ್ಸಿಗೇ ಶಿವಮೊಗ್ಗಕ್ಕೆ ವಾಪಸಾದೆ. ವೈದ್ಯರ ಕೋಣೆಯ ಬಾಗಿಲಲ್ಲಿ ನಾನಾಗಿಯೇ ನಿಂತೆ. ಹಿಂದೆಲ್ಲ ಅವಳು ನನ್ನನ್ನು ಹೊರಗೆ ಕೂರಲು ಹೇಳುತ್ತಿದ್ದಳು. ಈ ಸಲ ಒಳಗೆ ಕೂತವಳು ಪಕ್ಕದ ಕುರ್ಚಿಯ ಮೇಲಿದ್ದ ತನ್ನ ಚೀಲವನ್ನು ತೆಗೆದು ತೊಡೆಯ ಮೇಲಿಟ್ಟುಕೊಂಡಳು.