ಕಾರ್ಟೂನಿನ ಹಲಗೆಯೂ ಅವ್ವನ ಒಂಟಿ ತೆನೆಯೂ

ಕಾರ್ಟೂನು ನೋಡುವ ವಯಸ್ಸಿನಲ್ಲಿ ನಮ್ಮ ಮನೆಯಲ್ಲಿ ಟಿ.ವಿ. ಇರಲಿಲ್ಲ. ಟಿ.ವಿ. ಬರುವ ಹೊತ್ತಿಗೆ ನನಗೆ ಆ ವಯಸ್ಸು ಉಳಿದಿರಲಿಲ್ಲ. ಹಾಗೆ ತಪ್ಪಿಹೋದದ್ದನ್ನು ಈಗ ನಲವತ್ತನಾಲ್ಕರಲ್ಲಿ, ಸೊರಬದ ಹೈಸ್ಕೂಲೊಂದರಲ್ಲಿ ಗಣಿತದ ಮೇಡಂ ಎನ್ನಿಸಿಕೊಂಡ ಮೇಲೆ, ಮಗಳ ಪಕ್ಕ ಕೂತು ತೀರಿಸಿಕೊಳ್ಳುತ್ತಿದ್ದೇನೆ ಎಂದರೆ ನೀವು ನಗಬಹುದು. ನಗಿ. ನನ್ನ ಮಗಳು ಸಿಂಚನಾನೂ ನಗುತ್ತಾಳೆ. ಅವಳು ಪಾತ್ರಗಳ ಪೆದ್ದುತನ ನೋಡಿಕೊಂಡು ಕೂತಿದ್ದರೆ ನಾನು ಅವುಗಳ ಹಿಂದಿನ ಗೋಡೆ ನೋಡುತ್ತಿರುತ್ತೇನಂತೆ.

ಗೋಡೆ ನೋಡುವ ಚಟ ಹತ್ತಿಸಿದವಳೂ ಅವಳೇ. ಅದೊಂದು ಹೊರದೇಶದ ಹಾಸ್ಯದ ಕಾರ್ಟೂನು. ಒಂದು ಸಂಸಾರ, ಸದಾ ತಿನ್ನುವ ಒಬ್ಬ ಅಪ್ಪ, ಸದಾ ಬೀಳುವ ಒಂದು ಏಣಿ. ಅದನ್ನು ಬರೆಯುವವರಲ್ಲಿ ಹಲವರು ಗಣಿತದಲ್ಲಿ ದೊಡ್ಡ ದೊಡ್ಡ ಪದವಿ ಪಡೆದವರಂತೆ. ಕಲಿತ ವಿದ್ಯೆಯನ್ನು ಬಿಡಲಾರದೆ, ಎಲ್ಲೋ ಮೂಲೆಯಲ್ಲಿ ಒಂದು ಕರಿಹಲಗೆಯ ಮೇಲೆ, ಕಾರಿನ ನಂಬರಿನಲ್ಲಿ, ಅಂಗಡಿಯ ಬೋರ್ಡಿನಲ್ಲಿ ಗಣಿತವನ್ನು ಬಚ್ಚಿಡುತ್ತಾರೆ. ಒಂದು ಸೆಕೆಂಡು ಕಂಡು ಮಾಯ. ನೋಡುವವರು ಅಲ್ಲಿಗೇ ನಿಲ್ಲಿಸಿ ಹುಡುಕಬೇಕು.

ಅವರ ಮೇಲೆ ನನಗೆ ತಕ್ಷಣ ಬಂಧುಗಳ ಪ್ರೀತಿ ಹುಟ್ಟಿತು. ಕಲಿತದ್ದನ್ನು ಎಲ್ಲಿಡಬೇಕು ಎಂದು ತಿಳಿಯದವರ ಪಾಡು ನನಗೆ ಗೊತ್ತು. ನಾನು ಬಿ.ಎಸ್ಸಿ. ಮುಗಿಸಿ ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಮನೆಗೆ ಬಂದಾಗ ಊರವರು ಕೇಳಿದ್ದು ಒಂದೇ: ಅರ್ಜಿ ತುಂಬಲು ಬರುತ್ತದೆಯೇ? ಮೂರು ವರ್ಷ ಬಸ್ಸಿನಲ್ಲಿ ನಿಂತು ಹೋಗಿ ನಿಂತು ಬಂದು ಕಲಿತ ಗಣಿತ ಅರ್ಜಿಯ ಯಾವ ಕಲಮಿಗೂ ಹೊಂದಲಿಲ್ಲ. ಆ ವರ್ಷದ ದೀಪಾವಳಿಗೆ ಅಂಗಳದ ರಂಗೋಲಿಯಲ್ಲಿ ಮೂರು, ನಾಲ್ಕು, ಐದು ಚುಕ್ಕಿ ಅಂತರದ ಲಂಬಕೋನ ತ್ರಿಭುಜಗಳನ್ನು ಹೆಣೆದು, ಯಾರಾದರೂ ಗುರುತಿಸಿಯಾರೆಂದು ಜಗಲಿಯ ಮೇಲೆ ಕಾದು ಕೂತಿದ್ದೆ. ಹಸು ಒಂದು ಸಲ ನಿಂತು ನೋಡಿತು, ಆಮೇಲೆ ತುಳಿದುಕೊಂಡು ಹೋಯಿತು.

ಆದರೆ ಪದವಿಪತ್ರದ ಗೌರವಕ್ಕೆ ಕೊರತೆ ಇರಲಿಲ್ಲ. ಅವ್ವ ಅದಕ್ಕೆ ಗಾಜು ಹಾಕಿಸಿ ದೇವರ ಪಟಗಳ ಸಾಲಿನಲ್ಲೇ ಮೊಳೆ ಹೊಡೆಸಿದಳು. ಹಬ್ಬದ ದಿನ ಎಲ್ಲ ಪಟಗಳಿಗೂ ವಿಭೂತಿ ಹಚ್ಚುವಾಗ ಅದಕ್ಕೂ ಮೂರು ಬೆರಳು ಎಳೆಯುತ್ತಿದ್ದಳು. ನಮ್ಮ ವಂಶದಲ್ಲಿ ಮೊದಲ ಪದವಿ ಅದು. ಅವ್ವನಿಗೆ ಓದು ಬರುವುದಿಲ್ಲ. ತಾಳಗುಂದದ ಶಾಸನದ ಕಂಬದ ಅಕ್ಷರವೂ ನನ್ನ ಪದವಿಪತ್ರದ ಅಕ್ಷರವೂ ಅವಳಿಗೆ ಒಂದೇ. ಎಲ್ಲಿ ಭಾಷಣಕ್ಕೆ ನಿಂತರೂ ನಾನು ಶುರುಮಾಡುವುದು ಹೀಗೆ: "ಶಾಲೆಯ ಮೆಟ್ಟಿಲು ಹತ್ತದ ತಾಯಿಯ ಮಗಳು ನಾನು." ಚಪ್ಪಾಳೆ ಬೀಳುತ್ತದೆ. ಆ ಚಪ್ಪಾಳೆ ನನಗೋ ಅವ್ವನಿಗೋ ಎಂದು ಯಾವತ್ತೂ ಯೋಚಿಸಿರಲಿಲ್ಲ. ಈಗ ಹೇಳಹೊರಟಿರುವ ಭಾನುವಾರದ ತನಕ.

ಆ ಭಾನುವಾರ ಮಧ್ಯಾಹ್ನ ಕಾರ್ಟೂನಿನ ಅಪ್ಪ ಒಂದು ಕರಿಹಲಗೆಯ ಮುಂದೆ ನಿಂತಿದ್ದ. "ಅಲ್ಲೇ ನಿಲ್ಲಿಸು!" ಎಂದು ಕೂಗಿದೆ. ಹಲಗೆಯ ಮೇಲಿದ್ದದ್ದು ಇಷ್ಟು: 1782ನ್ನು ಹನ್ನೆರಡು ಸಲ ಬರೆದು ಒಂದಕ್ಕೊಂದು ಗುಣಿಸಿ, 1841ನ್ನೂ ಹಾಗೆಯೇ ಹನ್ನೆರಡು ಸಲ ಗುಣಿಸಿ, ಎರಡನ್ನೂ ಕೂಡಿದರೆ 1922ನ್ನು ಹನ್ನೆರಡು ಸಲ ಗುಣಿಸಿದಷ್ಟೇ ಆಗುತ್ತದೆ.

ನಾನು ಕೂತಲ್ಲಿಂದ ಎದ್ದುಬಿಟ್ಟೆ. ಡಿಗ್ರಿಯಲ್ಲಿ ನಮ್ಮ ಮೇಷ್ಟ್ರು ಒಮ್ಮೆ ಪಠ್ಯ ಬದಿಗಿಟ್ಟು ಹೇಳಿದ್ದರು: ಎರಡು ವರ್ಗಗಳು ಕೂಡಿ ಇನ್ನೊಂದು ವರ್ಗ ಆಗಬಹುದು, ಆದರೆ ಘನಗಳಿಗೆ, ಅದಕ್ಕೂ ಮೇಲಿನ ಘಾತಗಳಿಗೆ ಪೂರ್ಣಸಂಖ್ಯೆಗಳಲ್ಲಿ ಹಾಗಾಗುವುದೇ ಇಲ್ಲ ಎಂದು ಹಿಂದೆ ಒಬ್ಬ ಗಣಿತಜ್ಞ ಪುಸ್ತಕದ ಅಂಚಿನಲ್ಲಿ ಬರೆದಿಟ್ಟ, ಮೂರು ಶತಮಾನ ಕಳೆದರೂ ಅದನ್ನು ಸಾಧಿಸಿದವರಿಲ್ಲ, ಸುಳ್ಳೆಂದು ತೋರಿಸಿದವರೂ ಇಲ್ಲ. ಮೇಷ್ಟ್ರ ನೋಟ್ಸು ಅವರ ಮೇಷ್ಟ್ರಿಂದ ಬಂದದ್ದು. ಅವರು ಪಾಠ ಹೇಳುವ ಹೊತ್ತಿಗೆ ಅದನ್ನು ಸಾಧಿಸಿಯಾಗಿತ್ತು. ಆ ಸುದ್ದಿ ಶಿವಮೊಗ್ಗ ಜಿಲ್ಲೆಯ ಆ ನೋಟ್ಸಿಗೆ ತಲುಪಿರಲಿಲ್ಲ, ನೋಟ್ಸು ನಂಬಿದ ನನಗೂ ತಲುಪಿರಲಿಲ್ಲ.

ಬೀರುವಿನಿಂದ ಡಿಗ್ರಿ ಕಾಲದ ಸೈಂಟಿಫಿಕ್ ಕ್ಯಾಲ್ಕುಲೇಟರ್ ತೆಗೆದೆ. ಹತ್ತು ಅಂಕಿ ತೋರಿಸುವ ಪರದೆ. ಎಡಗಡೆಯದನ್ನು ಒತ್ತಿದೆ, ಬಲಗಡೆಯದನ್ನು ಒತ್ತಿದೆ. ಹತ್ತಕ್ಕೆ ಹತ್ತೂ ಅಂಕಿ ಒಂದೇ! ಮೂರು ಸಲ ಮಾಡಿದೆ. ಜಗತ್ತಿನ ಗಣಿತಜ್ಞರೆಲ್ಲ ಹುಡುಕಿ ಸೋತದ್ದನ್ನು ಯಾರೋ ಕಾರ್ಟೂನಿನವರು ಕಂಡುಹಿಡಿದು ಗೋಡೆಗೆ ಬಚ್ಚಿಟ್ಟಿದ್ದಾರೆ. ಅದು ಸೊರಬದಲ್ಲಿ ನನ್ನ ಕಣ್ಣಿಗೆ ಬಿದ್ದಿದೆ! ಮರುದಿನ ತಾಲ್ಲೂಕಿನ ಗಣಿತ ಶಿಕ್ಷಕರ ಸಭೆಯಿತ್ತು. ಅವರ ವಾಟ್ಸಾಪ್ ಗ್ರೂಪಿನಲ್ಲಿ ತಡೆಯಲಾರದೆ ಹಾಕಿಯೇಬಿಟ್ಟೆ: "ನಾಳೆ ನಾನು ಒಂದು ಜಗತ್ಪ್ರಸಿದ್ಧ ಪ್ರಮೇಯವನ್ನು ಸುಳ್ಳು ಮಾಡಿ ತೋರಿಸುತ್ತೇನೆ." ಹೆಬ್ಬೆರಳುಗಳು ಸಾಲಾಗಿ ಎದ್ದವು. ಕುಪ್ಪಗಡ್ಡೆ ಕಡೆಯ ಹಿರಿಯ ಮೇಷ್ಟ್ರೊಬ್ಬರು, ನಾನು ಏನು ಹೇಳಿದರೂ ಒಂದು ತಪ್ಪು ಹುಡುಕುವವರು, "ಕಾಯ್ತಿರ್ತೇವೆ ಮೇಡಂ" ಎಂದು ಬರೆದರು. ಆ ಕಾಯುವಿಕೆಯ ಅರ್ಥ ನನಗೆ ಚೆನ್ನಾಗಿ ಗೊತ್ತಿತ್ತು.

ಅವ್ವ ಆಗ ಪಡಸಾಲೆಯಲ್ಲಿ ಮೆಕ್ಕೆಜೋಳದ ತೆನೆ ಕಟ್ಟುತ್ತಿದ್ದಳು. ಈ ಕೆಲಸದ ಬಗ್ಗೆ ಇಲ್ಲಿ ಸ್ವಲ್ಪ ಹೇಳಲೇಬೇಕು.

ಅಂಜನಾಪುರದ ಕಡೆಯ ನಮ್ಮ ನೆಂಟರು ಕಾಲುವೆ ನೀರಲ್ಲಿ ಭತ್ತ ಬೆಳೆದರೆ, ನಮ್ಮದು ಮಳೆ ನಂಬಿದ ಹೊಲ, ಮೆಕ್ಕೆಜೋಳವೇ ಗತಿ. ಈಗ ಬೀಜ ಪೊಟ್ಟಣದಲ್ಲಿ ಬರುತ್ತದೆ. ನಾನು ಚಿಕ್ಕವಳಿದ್ದಾಗ ಬೀಜದ ತೆನೆಗಳನ್ನು ಅವ್ವನೇ ಆರಿಸಿ ಇಡುತ್ತಿದ್ದಳು. ತೆನೆಯ ಸಿಪ್ಪೆಯನ್ನು ಕೀಳದೆ ಹಿಂದಕ್ಕೆ ಸುಲಿದು, ಎರಡು ತೆನೆಗಳ ಸಿಪ್ಪೆಗಳನ್ನು ಗಂಟು ಹಾಕಿ, ಒಲೆಯ ಮೇಲಿನ ಬಿದಿರ ಗಳಕ್ಕೆ ಆಚೆಗೊಂದು ಈಚೆಗೊಂದು ಬರುವಂತೆ ಜೋತುಬಿಡುವುದು. ಹೊಗೆಗೆ ಹುಳ ಬೀಳುವುದಿಲ್ಲ. ಜೋಡಿಯಿದ್ದರೆ ಗಳದ ಮೇಲೆ ನಿಲ್ಲುತ್ತದೆ, ಒಂದೇ ತೆನೆ ಜಾರಿ ಬೀಳುತ್ತದೆ. ಹಾಗಾಗಿ ಕಟ್ಟಿ ಮುಗಿದ ಮೇಲೆ ಒಂಟಿ ತೆನೆ ಉಳಿದರೆ ಅದು ಕೆಂಡಕ್ಕೆ, ಅಲ್ಲಿಂದ ನನಗೂ ತಂಗಿ ಗಿರಿಜಾಗೂ. ಬಲಿತ ತೆನೆ; ಹಲ್ಲು ನೋಯುವಷ್ಟು ಗಟ್ಟಿ, ಅಲ್ಲೊಂದು ಇಲ್ಲೊಂದು ಕಾಳು ಅರಳಾಗಿ ಸಿಡಿದಿರುತ್ತಿತ್ತು. ಅದರಷ್ಟು ರುಚಿಯ ವಸ್ತು ನಾನು ಆಮೇಲೆ ತಿಂದಿಲ್ಲ.

ಬುಟ್ಟಿಗಳು ಎರಡಿರುತ್ತಿದ್ದವು, ನಮ್ಮ ಹೊಲದ್ದೊಂದು, ಅಜ್ಜಿಯ ಹೊಲದ್ದೊಂದು. ಒಂದರಲ್ಲಿ ಒಂಟಿ ಉಳಿದು ಇನ್ನೊಂದರಲ್ಲಿ ಉಳಿಯದಿದ್ದರೆ ನಮಗೆ ಹಬ್ಬ. ಎರಡರಲ್ಲೂ ಒಂದೊಂದು ಉಳಿದರೆ ಅವ್ವ ಆ ಎರಡನ್ನೂ ಗಂಟುಹಾಕಿ ಗಳಕ್ಕೇರಿಸುತ್ತಿದ್ದಳು, ನಮಗೆ ಚಿಪ್ಪು. ಬೆಸಕ್ಕೆ ಬೆಸ ಕೂಡಿದರೆ ಸಮ ಎಂಬ ಸೂತ್ರವನ್ನು ನಾನು ಕಲಿತದ್ದು ಹಾಗೆ, ಅತ್ತುಕೊಂಡು. ಒಂದು ವರ್ಷ ಬುಟ್ಟಿಗಳನ್ನು ಮೊದಲೇ ಗುಟ್ಟಾಗಿ ಎಣಿಸಿದೆ. ಒಟ್ಟು ಸಮ. ಒಂದು ತೆನೆ ತೆಗೆದು ಬಣವೆಯಲ್ಲಿ ಹುದುಗಿಸಿ, ಬೆಸವಾಯಿತೆಂದು ಹಿಗ್ಗಿದೆ. ಗಿರಿಜಾಳೂ ಎಣಿಸಿದ್ದಳು, ನನಗೆ ಹೇಳದೆ ಅವಳೂ ಒಂದನ್ನು ಕದ್ದು ಅದೇ ಬಣವೆಗೆ ಇಟ್ಟಿದ್ದಳು. ಎರಡು ಹೋದರೆ ಸಮ ಸಮವಾಗಿಯೇ ಉಳಿಯಿತು! ಒಂಟಿಯೂ ಸಿಗಲಿಲ್ಲ. ಮೇಲೆ ಸಂಜೆ ಹುಲ್ಲು ಹಿರಿಯುವಾಗ ಎರಡೂ ತೆನೆ ಅವ್ವನ ಕೈಗೆ ಬಂದವು. "ಕಳ್ಳರಾದ್ರೂ ಒಬ್ಬರಿಗೊಬ್ಬರು ಹೇಳಿ ಕದೀಬೇಕವ್ವಾ" ಎಂದು ಅವನ್ನೂ ಗಂಟುಹಾಕಿ ಗಳಕ್ಕೆ ಏರಿಸಿದಳು.

ಈಗ ಅವ್ವ ನನ್ನ ಜೊತೆ ಸೊರಬದಲ್ಲೇ ಇದ್ದಾಳೆ. ಗಿರಿಜಾಳ ಗಂಡ ಊರಿನ ಹೊಲದ ಬದುವಿನಲ್ಲಿ ನಾಟಿ ಜೋಳ ನಾಲ್ಕು ಸಾಲು ಹಾಕಿ, ತೆನೆ ತಂದುಕೊಡುತ್ತಾನೆ. ಒಲೆಯಿಲ್ಲ, ಹೊಗೆಯಿಲ್ಲ, ಬಟ್ಟೆ ಒಣಹಾಕುವ ತಂತಿಗೇ ಅವ್ವ ಜೋತುಬಿಡುತ್ತಾಳೆ.

ನನ್ನ ಕುಣಿತ ಕಂಡು ಅವ್ವ ಮೊಮ್ಮಗಳನ್ನು ಕೇಳಿದಳು, "ಏನಾಗೈತಿ ನಿಮ್ಮವ್ವಗ? ಟಿ.ವಿ.ಯಾಗ ಇವಳ ಹೆಸರು ಬಂತೇನು?"

"ಲೆಕ್ಕ ಬಂತು ಅಜ್ಜಿ. ಮೂರು ನಂಬರ್. ಹನ್ನೆರಡು ಹನ್ನೆರಡು ಸಲ ಗುಣಿಸಿ ಎರಡನ್ನ ಕೂಡಿದ್ರೆ ಮೂರನೇದು ಬರುತ್ತಂತೆ."

"ಹನ್ನೆರಡು ಸಲ? ನಂಗೆಲ್ಲಿ ತಿಳೀತತಿ ಅದು." ಅವ್ವ ಗಂಟು ಬಿಗಿದಳು. "ಮೂರೂ ಜೋಡಿನೋ, ಒಂಟಿನೋ?"

"ಮೊದಲನೇದು ಎರಡರಲ್ಲಿ ಮುಗಿಯುತ್ತೆ. ಜೋಡಿ. ಕೊನೇದೂ ಜೋಡಿ. ನಡುವಿಂದು ಒಂದರಲ್ಲಿ ಮುಗಿಯುತ್ತೆ. ಒಂಟಿ."

"ಜೋಡಿನ ಎಷ್ಟು ಸಲ ಸುರುವಿದ್ರೂ ಜೋಡಿನೇ. ಒಂಟಿ ಏನಾಗ್ತತಿ?"

"ಒಂದೊಂದ್ಲೆ ಒಂದು. ಎಷ್ಟು ಸಲ ಗುಣಿಸಿದ್ರೂ ಕೊನೆಗೆ ಒಂದೇ ಅಜ್ಜಿ. ಒಂಟಿನೇ."

"ಮತ್ತ ಜೋಡಿ ಬುಟ್ಟಿಗೆ ಒಂಟಿ ಬುಟ್ಟಿ ಸುರುವಿದ್ರ ಜೋಡಿ ಹೆಂಗಾಗ್ತತಿ? ಒಂದು ತೆನಿ ಉಳೀಬೇಕಲ್ಲ." ಅವ್ವ ನನ್ನ ಕಡೆ ತಿರುಗಿದಳು. "ಯಾರಲೇ ಬರ್ದಿದ್ದು? ಒಂದು ತೆನಿ ಕದ್ದಾರ ನೋಡು ಅವರು."

ಸಿಂಚನಾ ಬಾಯಿ ತೆರೆದು ನನ್ನನ್ನೇ ನೋಡಿದಳು. ನಾನು ಕ್ಯಾಲ್ಕುಲೇಟರ್ ನೋಡಿದೆ. ಅದು ಹತ್ತು ಅಂಕಿ ಹಿಡಿದುಕೊಂಡು ಬೆಪ್ಪಾಗಿ ಕೂತಿತ್ತು. ನಲವತ್ತು ಅಂಕಿಯ ಸಂಖ್ಯೆ ಅದು. ಪರದೆಗೆ ಹಿಡಿಸಿದ್ದು ಮೊದಲ ಹತ್ತು, ಅದರಲ್ಲೂ ಹತ್ತನೆಯದು ಅಂದಾಜಿನದು. ಉಳಿದ ಮೂವತ್ತರಲ್ಲಿ ಏನು ನಡೆದಿದೆಯೋ ಅದಕ್ಕೆ ಗೊತ್ತಿಲ್ಲ. ಕೊನೆಯ ಅಂಕಿ ಎಡಕ್ಕೆ ಏಳು, ಬಲಕ್ಕೆ ಆರು. ಕಾರ್ಟೂನಿನವರು ಬೇಕೆಂದೇ ಹೆಣೆದ ಕೀಟಲೆ. ಕ್ಯಾಲ್ಕುಲೇಟರ್ ನಂಬಿದವರು ಬೀಳಲೆಂದೇ ತೋಡಿದ ಗುಂಡಿ. ಆ ಗುಂಡಿಗೆ ನಾನು ನನ್ನ ಪದವಿಪತ್ರದ ಸಮೇತ ಬಿದ್ದಿದ್ದೆ. ಸಮ-ಬೆಸವನ್ನು ಐದನೆಯ ತರಗತಿಯ ಮಕ್ಕಳೂ ಬಲ್ಲರು.

ಮರುದಿನ ಸಭೆಗೆ ಹೊಟ್ಟೆನೋವೆಂದು ಹೇಳಿ ತಪ್ಪಿಸಿಕೊಳ್ಳುವ ಯೋಚನೆಯೂ ಬಂದಿತ್ತು. ಕಾರ್ಟೂನಿನವರ ಜಾಣತನವನ್ನು ನನ್ನದೆಂದೇ ತೋರಿಸಿ, "ಇದು ಸುಳ್ಳೆಂದು ನನಗೆ ಮೊದಲೇ ಗೊತ್ತಿತ್ತು" ಎನ್ನುವ ದಾರಿಯೂ ಇತ್ತು, ಅದೇ ಸುಲಭದ್ದು. ಆದರೆ ಪ್ರತಿ ಸಭೆಯಲ್ಲೂ ಅವ್ವನ ಹೆಸರಲ್ಲಿ ಚಪ್ಪಾಳೆ ಗಿಟ್ಟಿಸಿದವಳು ಅವಳ ಲೆಕ್ಕವನ್ನೂ ಕದಿಯುವುದೇ? ಬಣವೆಯ ಕಳ್ಳತನವೇ ಸಾಕಾಗಿತ್ತು.

ಸಭೆಗೆ ಹೋಗಿ ಹಲಗೆಯ ಮೇಲೆ ಸಮೀಕರಣ ಬರೆದೆ. ಎಲ್ಲರೂ ತಮ್ಮ ತಮ್ಮ ಕ್ಯಾಲ್ಕುಲೇಟರ್ ತೆಗೆದರು. "ಬಂತು, ಬಂತು!" ಎಂದು ಹಿಂದಿನ ಸಾಲಿನಿಂದ ಕೂಗು. ಹಿರಿಯ ಮೇಷ್ಟ್ರೂ ಕನ್ನಡಕ ಮೇಲೇರಿಸಿ, "ಎಂತ ಮಾರಾಯ್ರೇ ಇದು, ಸರಿಯಾಗೇ ಬರ್ತದಲ್ಲ!" ಎಂದರು. ನಾನು ಹೇಳಿದೆ, "ನನಗೂ ಹಾಗೇ ಬಂತು ಸಾರ್. ನಿನ್ನೆ ನಾನು ಮೋಸ ಹೋದೆ. ಹಿಡಿದುಕೊಟ್ಟವರು ನಮ್ಮ ಅವ್ವ." ಎರಡು ಬುಟ್ಟಿ, ಗಳ, ಒಂಟಿ ತೆನೆ, ಎಲ್ಲ ಹೇಳಿದೆ. ಸಭೆ ನಕ್ಕಿತು. ಹಿರಿಯ ಮೇಷ್ಟ್ರು ಎದ್ದು ನಿಂತರು. ತಪ್ಪು ಹುಡುಕಿದರು ಎಂದುಕೊಂಡೆ. "ಮುಂದಿನ ಸಲ ನೀವು ಮನೇಲಿರಿ ಮೇಡಂ. ಅವರನ್ನ ಕಳಿಸಿ" ಎಂದರು. ಆ ದಿನದ ಚಪ್ಪಾಳೆ ಯಾರಿಗೆಂದು ನನಗೆ ಅನುಮಾನ ಇರಲಿಲ್ಲ.

ಸಂಜೆ ಬಂದಾಗ ಅವ್ವ ಕೊನೆಯ ಜೋಡಿಯನ್ನು ತಂತಿಗೆ ಜೋತುಬಿಡುತ್ತಿದ್ದಳು. ಒಂದು ತೆನೆ ಉಳಿದಿತ್ತು; ಗ್ಯಾಸ್ ಒಲೆಯ ಮೇಲೆ ಅದನ್ನು ಸಿಂಚನಾ ತಿರುಗಿಸುತ್ತಿದ್ದಳು. ಆ ಸುಟ್ಟ ವಾಸನೆಗೆ ನನಗೊಂದು ವಿಷಯ ಹೊಳೆಯಿತು. ಹತ್ತನೆಯ ತರಗತಿಗೆ ವರ್ಷವರ್ಷವೂ ಸಂಭವನೀಯತೆ ಪಾಠ ಮಾಡುವ ನನಗೆ ಅದು ಎಂದೋ ಹೊಳೆಯಬೇಕಿತ್ತು. ನಾವು ಕದ್ದು ಸಿಕ್ಕಿಬಿದ್ದ ವರ್ಷದ ನಂತರ ಒಂದು ಸಲವೂ ನಮಗೆ ಬರಿಗೈ ಆದದ್ದಿಲ್ಲ. ಪ್ರತಿ ವರ್ಷ ಒಂಟಿ ತೆನೆ ಉಳಿದಿದೆ. ಎರಡಕ್ಕೊಂದು ಸಲ ತಪ್ಪಬೇಕಾದದ್ದು ಏಳೆಂಟು ವರ್ಷ ಸತತವಾಗಿ ತಪ್ಪದೆ ಇರುವುದು ಹೇಗೆ?

"ಅವ್ವಾ," ಎಂದೆ, "ಆಮೇಲೆ ಯಾವ ವರ್ಷವೂ ಜೋಡಿ ಸರಿಹೋಗಲೇ ಇಲ್ಲವಲ್ಲ. ಹೆಂಗೆ?"

ಅವ್ವ ತಂತಿಯ ಕಡೆಯೇ ನೋಡುತ್ತ ಹೇಳಿದಳು, "ನೀವು ಬರೋಕ್ಕಿಂತ ಮುಂಚೆ ಎಣಿಸ್ತಿದ್ದೆ. ಜೋಡಿ ಬಂದ್ರ ಒಂದು ತೆಗೆದು ಸೆರಗಿನಾಗ ಇಟ್ಕೊಂತಿದ್ದೆ."

ಗೋಡೆಯ ಮೇಲೆ ಲೆಕ್ಕ ಬಚ್ಚಿಟ್ಟವರನ್ನು ನಾನು ಹೊರದೇಶದಲ್ಲಿ ಹುಡುಕುತ್ತಿದ್ದೆ. ಏನಾದರೂ ದೊಡ್ಡ ಮಾತು ಆಡಬೇಕೆನ್ನಿಸಿದರೂ, "ಮತ್ತೆ ಸೆರಗಿನಾಗಿನ ಆ ತೆನೆ ಏನು ಮಾಡ್ತಿದ್ದಿ?" ಎಂದು ಕೇಳಿದೆ.

"ನೀವು ಮಲಗಿದ ಮ್ಯಾಲೆ ನಾನು ಸುಟ್ಕೊಂಡು ತಿಂತಿದ್ದೆ" ಎಂದಳು ಅವ್ವ. "ಯಾಕ, ನಂಗೇನು ಆಗ ಹಲ್ಲು ಇರ್ಲಿಲ್ಲೇನು?"