ಕಲ್ಲಜ್ಜನ ಮೂಗು

ನನಗಾಗ ಅರವತ್ತೆಂಟು, ಹತ್ತು ವರ್ಷದ ಹಿಂದಿನ ಮಾತು. ಅಮೆರಿಕದ ಸೆರಿಟೋಸ್‌ನಲ್ಲಿ ಮಗಳ ಪಕ್ಕದ ಮನೆಯಾಕೆ ಕೊರಿಯಾದ ಜೇಜು ದ್ವೀಪದ ಮುದುಕಿ. ಅವಳ ಬಾಗಿಲಲ್ಲಿ ಜ್ವಾಲಾಮುಖಿಯ ಕರಿಕಲ್ಲಿನ ಅಜ್ಜನೊಬ್ಬ ನಿಂತಿದ್ದ. ಅವನ ಮೂಗು ಉಜ್ಜಿದರೆ ಗಂಡು ಹುಟ್ಟುತ್ತದೆಂದು ಅವರ ಕಡೆ ನಂಬಿಕೆ. ಕೇಳಿದ್ದೇ ತಡ, ನಮ್ಮ ಬೀಗಿತ್ತಿ ಬಸುರಿಯಾಗಿದ್ದ ನನ್ನ ಮಗಳನ್ನು ಅಲ್ಲಿಗೆ ಎಳೆದುಕೊಂಡು ಹೋದಳು.

"ಉಜ್ಜಮ್ಮ, ಈ ಸಲನಾದ್ರೂ ಗಂಡಾಗ್ಲಿ."

ಮಗಳು ತಲೆ ತಗ್ಗಿಸಿ ಉಜ್ಜಿದಳು. ಅವಳ ಇಬ್ಬರು ಹೆಣ್ಣುಮಕ್ಕಳೂ ನೋಡುತ್ತಾ ನಿಂತಿದ್ದರು.

"ಈ ಮಕ್ಕಳು ಲೆಕ್ಕಕ್ಕಿಲ್ವೇನ್ರೀ ಬೀಗಿತ್ತಿ?" ಅಂದೆ.

"ಕಲ್ಲನ್ನ ಕೇಳೋಕೂ ನಿಮ್ಮ ಅಪ್ಪಣೆ ಬೇಕಾ?" ಅಂದಳು.

ಹೆಣ್ಣು ಬೇಕಾದವರು ಏನು ಮಾಡುತ್ತಾರೆಂದು ಹಿರಿಮೊಮ್ಮಗಳ ಕೈಲಿ ಪಕ್ಕದ ಮುದುಕಿಯನ್ನು ಇಂಗ್ಲಿಷಿನಲ್ಲಿ ಕೇಳಿಸಿದೆ. ಅವಳು ನಕ್ಕು ಕಲ್ಲಜ್ಜನ ಕಿವಿ ತೋರಿಸಿದಳು.

ಮಾರನೆಯ ಬೆಳಿಗ್ಗೆ, ಬೀಗಿತ್ತಿ ಕಿಟಕಿಯಲ್ಲಿ ಕಾಫಿ ಕುಡಿಯುತ್ತಾ ನೋಡುತ್ತಿರುವಾಗಲೇ, ಎರಡು ಕಿವಿಗಳನ್ನೂ ಚೆನ್ನಾಗಿ ತಿಕ್ಕಿ ಬಂದೆ.